ತಂಬಿಗೆಯ ಇಸ್ತ್ರಿ

ಇಂದು ಸೆಪ್ಟೆಂಬರ್ 17. ಬೆಳಿಗ್ಗೆ ಮಗಳ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಮಾಡುತ್ತಿರುವಾಗ ಕರೆಂಟು ಹೋಯಿತು. ಏನೂ ಯೋಚಿಸದೆ ಹಿತ್ತಾಳೆಯ ಹಳೆಯ ತಂಬಿಗೆಯಲ್ಲಿ ಕುದಿಯುವ ನೀರು ತುಂಬಿ ತಂದು ಅಂಗಿಯ ಕಾಲರಿನ ಮೇಲೆ ಒತ್ತಿದಾಗಲೇ, ಇದು ನನ್ನ ಕೈಯಲ್ಲ, ಅಣ್ಣನ ಕೈ ಎಂದು ಹೊಳೆಯಿತು.

1948ರ ಇದೇ ದಿನ ನಿಜಾಮನ ಆಳ್ವಿಕೆ ಕೊನೆಗೊಂಡದ್ದರಿಂದ, ಕಲಬುರಗಿಯ ಮಕ್ಕಳಾದ ನಮಗೆ ಆಗಸ್ಟ್ 15 ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ಧ್ವಜಾರೋಹಣ ಬರುತ್ತಿತ್ತು; ಅಣ್ಣನ ಪಾಲಿಗೆ ಅದು ಇನ್ನೊಂದು ಇಸ್ತ್ರಿಯ ದಿನವಾಗಿತ್ತು. ಒಲೆಯ ಕೆಂಡವನ್ನು ತಂಬಿಗೆಗೆ ತುಂಬಿ, ಅದರ ಕಂಠವನ್ನು ಇಕ್ಕಳದಿಂದ ಹಿಡಿದು, ಮೊದಲು ನನ್ನ ಲಂಗದ ನೆರಿಗೆಗಳನ್ನು ಒಂದೊಂದಾಗಿ ತೀಡುತ್ತಿದ್ದನು. ತನ್ನ ಅಂಗಿಯ ಸರದಿ ಬರುವಷ್ಟರಲ್ಲಿ ಕೆಂಡ ಬೂದಿಯಾಗಿರುತ್ತಿತ್ತು. ಒಮ್ಮೆ ತಂಬಿಗೆಯ ಮಸಿ ನನ್ನ ಅಂಗಿಗೆ ಹತ್ತಿದಾಗ ನಾನು ದಾರಿಯುದ್ದಕ್ಕೂ ಅವನನ್ನು ಬೈಯುತ್ತಲೇ ಹೋದೆ (ನಿಜ ಹೇಳಬೇಕೆಂದರೆ ಬೈದ ದಿನಗಳೇ ಹೆಚ್ಚು). ಅವನು ಮಾತ್ರ ಶಾಲೆ ಮುಟ್ಟಿದೊಡನೆ ಸೀಮೆಸುಣ್ಣದ ತುಂಡೊಂದನ್ನು ಹುಡುಕಿ ತಂದು ಆ ಕಲೆಯ ಮೇಲೆ ಉಜ್ಜಿದನು.

ಅಣ್ಣ ಹೋಗಿ ಆರು ವರ್ಷಗಳಾದವು.

"ಅವ್ವಾ, ಕರೆಂಟ್ ಬಂದದ" ಎಂದಳು ಮಗಳು. ಇನ್ನೊಂದು ತೋಳಷ್ಟೇ ಉಳಿದಿತ್ತು. ಅದನ್ನೂ ತಂಬಿಗೆಯಲ್ಲಿಯೇ ಮುಗಿಸಿದೆ.