ಒಗೆಯದ ಮಫ್ಲರ್

19 ಅಕ್ಟೋಬರ್ 2024, ಶನಿವಾರ. ರಾತ್ರಿ ಹನ್ನೊಂದೂ ಕಾಲು.

ಮಫ್ಲರ್ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಮಷೀನಿಗೆ ಹಾಕಲು ಮನಸ್ಸು ಬರಲಿಲ್ಲ, ಉಣ್ಣೆಯದು, ಅಮ್ಮ ಕಳಿಸಿದ್ದು. ನೆನೆಹಾಕುವ ಮೊದಲು ಮೂಗಿಗೆ ಹಿಡಿದು ನೋಡಿದೆ. ನನಗೇನೂ ಗೊತ್ತಾಗಲಿಲ್ಲ. ಪುಟ್ಟಿಯ ಮೂಗಿಗೆ ಹಿಡಿದೆ. “ಅಜ್ಜಿ ಮನೆ” ಅಂದಳು.

ಕೊನೆಗೂ ಇವತ್ತು ಬಿಲ್ಲಜ್ಜನ ಜೊತೆ ಜಿಂಕೆ ಬೇಟೆಗೆ ಹೋಗಿ ಬಂದೆ. ಎರಡು ವರ್ಷದಿಂದ ಕರೆಯುತ್ತಿದ್ದರು, ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ಬಿಲ್ಲಜ್ಜ ಅನ್ನುವುದು ಪುಟ್ಟಿ ಇಟ್ಟ ಹೆಸರು. ಎದುರಿಗೆ ಹೆಸರು ಹಿಡಿದೇ ಕರೆಯಬೇಕು, ಅಮೆರಿಕದ ಪದ್ಧತಿ ಹಾಗೆ. ಹನ್ನೊಂದು ವರ್ಷವಾದರೂ 71 ವರ್ಷದವರನ್ನು ಹೆಸರು ಹಿಡಿದು ಕೂಗಲು ನನ್ನ ನಾಲಿಗೆ ಏಳುವುದಿಲ್ಲ. ಹಲೋ ಅಂತ ಶುರುಮಾಡಿ ಹೆಸರನ್ನು ನುಂಗಿಬಿಡುತ್ತೇನೆ. ಅವರಿಗೂ ಅದು ಗೊತ್ತು ಅಂತ ಕಾಣುತ್ತದೆ.

ಮಿಷಿಗನ್ನಿನಲ್ಲಿ ಬಿಲ್ಲಿನವರ ಕಾಲ ಅಕ್ಟೋಬರ್ 1ಕ್ಕೆ ಶುರು. ಕೋವಿಯವರು ನವೆಂಬರ್ 15ಕ್ಕೆ ಇಳಿಯುತ್ತಾರೆ. ನಡುವಿನ ಈ ಆರು ವಾರ ಬಿಲ್ಲಜ್ಜ ಬೇರೆಯೇ ಮನುಷ್ಯ. ಹುಲ್ಲು ಕತ್ತರಿಸುವುದಿಲ್ಲ, ಫೋನು ಎತ್ತುವುದಿಲ್ಲ, ಗಾಳಿ ಯಾವ ಕಡೆಯಿಂದ ಅಂತ ಮಾತ್ರ ಕೇಳುತ್ತಾರೆ.

ವಾರದ ಹಿಂದೆಯೇ ನನಗೆ ಪಟ್ಟಿ ಕೊಟ್ಟಿದ್ದರು. ಘಮಘಮ ಸೋಪು, ಶಾಂಪೂ ಬೇಡ, ಸೆಂಟಂತೂ ಬೇಡವೇ ಬೇಡ. ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಹೊರಗೇ ಒಣಗಿಸಿ, ತರಗೆಲೆ ತುಂಬಿದ ಚೀಲದಲ್ಲಿ ಕಟ್ಟಿಡಬೇಕು. ಎಲ್ಲ ಮಾಡಿದೆ. ನಾಲ್ಕು ದಿನ ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. ಇವತ್ತು ಸಾರಿಗೆ ಒಗ್ಗರಣೆ ಹಾಕುವಾಗ ಬೇರೆ ಬಟ್ಟೆಯಲ್ಲಿದ್ದೆ. “ಏನು, ಮಡಿಯಾ?” ಅಂತ ಇವರು ನಕ್ಕರು. ಹೊರಡುವ ಗಳಿಗೆಯಲ್ಲಿ ಚಳಿ ಅನ್ನಿಸಿ, ಬಾಗಿಲ ಹಿಂದೆ ನೇತಾಡುತ್ತಿದ್ದ ಮಫ್ಲರನ್ನು ಎಳೆದು ಕುತ್ತಿಗೆಗೆ ಸುತ್ತಿಕೊಂಡೆ. ಹೋದ ತಿಂಗಳು ಊರಿಂದ ಬಂದದ್ದು ಅದು. ಸಾರಿನ ಪುಡಿ ಪೊಟ್ಟಣ ಒಡೆದು ಸೂಟ್‌ಕೇಸೆಲ್ಲ ಆಗದಿರಲಿ ಅಂತ ಅಮ್ಮ ಅದರಲ್ಲೇ ಸುತ್ತಿ ಕಳಿಸಿದ್ದಳು.

ಚೆಲ್ಸಿ ಅನ್ನುವ ಊರು ದಾಟಿ ಒಂದು ಮೆಕ್ಕೆಜೋಳದ ಹೊಲ, ಅದರ ಅಂಚಿಗೆ ಓಕ್ ಕಾಡು. ಹೊಲ ಅವರ ಹಳೆಯ ಗೆಳೆಯರದ್ದು. ಇಲ್ಲಿ ಹೆಚ್ಚಿನವರು ಮರಕ್ಕೆ ಹದಿನೈದಿಪ್ಪತ್ತು ಅಡಿ ಎತ್ತರದಲ್ಲಿ ಅಟ್ಟಣೆ ಕಟ್ಟಿ ಕೂರುತ್ತಾರೆ. ಅಷ್ಟು ಮೇಲಿದ್ದರೆ ಮೈವಾಸನೆ ಜಿಂಕೆಯ ಮೂಗಿನ ಮೇಲಿಂದಲೇ ಹೋಗುವುದುಂಟು, ಅದು ತಲೆ ಎತ್ತಿ ನೋಡುವುದೂ ಕಡಿಮೆ. ಬಿಲ್ಲಜ್ಜ ಎಂದೂ ಮರ ಹತ್ತಿದವರಲ್ಲ. ಬಿದ್ದ ಓಕಿನ ಕೊಂಬೆಗಳ ನಡುವೆ ಎರಡು ಸಣ್ಣ ಸ್ಟೂಲು, ಬೆನ್ನಿಗೆ ದಪ್ಪ ಬೊಡ್ಡೆ, ಮುಂದೆ ಮೊಣಕಾಲೆತ್ತರಕ್ಕೆ ಒಣ ರೆಂಬೆ. ಅಷ್ಟೇ ಮರೆ. ಜಿಂಕೆ ಬಂದರೆ ನಮ್ಮ ಕಣ್ಣೂ ಅದರ ಕಣ್ಣೂ ಒಂದೇ ಮಟ್ಟ.

ಜೇಬಿನಿಂದ ಒಂದು ಒಣ ಕಾಯಿ ತೆಗೆದು, ಒಂದೆಳೆ ಬಿಳಿ ಹತ್ತಿ ಹಾರಿಬಿಟ್ಟರು. ಮಿಲ್ಕ್‌ವೀಡ್ ಅಂತೆ, ನಮ್ಮ ಎಕ್ಕದ ನೆಂಟ. ಶಾಲೆಯಿಂದ ಬರುವಾಗ ನಾವು ಅಜ್ಜನ ಗಡ್ಡ ಅಂತ ಊದಿ ಹಾರಿಸುತ್ತಿದ್ದದ್ದು ಇದನ್ನೇ. ಇಲ್ಲಿ ಈ ಅಜ್ಜ ಅದನ್ನು ಅಷ್ಟು ಗಂಭೀರವಾಗಿ ಬಿಟ್ಟು, ಅದು ತೇಲಿಹೋದ ದಾರಿಯನ್ನು ಕಣ್ಣು ಕಿರಿದು ಮಾಡಿ ನೋಡುವುದು ಕಂಡು ನಗು ತಡೆಯುವುದು ಕಷ್ಟವಾಯಿತು. ಎಳೆ ನಮ್ಮ ಹಿಂದಕ್ಕೆ ಹೋಯಿತು. ಜಿಂಕೆ ಬರುವ ದಾರಿ ಮುಂದೆ, ಕೆಳಗಿನ ತಗ್ಗಿನಲ್ಲಿ. ಸರಿ ಅಂತ ತಲೆಯಾಡಿಸಿದರು.

ಆಮೇಲೆ ಎರಡು ಗಂಟೆ ಏನೂ ಇಲ್ಲ. ಅಳಿಲು. ಓಕ್ ಕಾಯಿ ಉದುರುವ ಸದ್ದು. ಎಡಗಾಲು ಜೋಮು. ಆಫೀಸಿನಲ್ಲಿ ಸೋಮವಾರ ಹೇಳಬೇಕಾದ ಮಾತು. ಮತ್ತೆ ಅಳಿಲು.

ಕೂತಲ್ಲಿ ಬಿಲ್ಲನ್ನೇ ನೋಡುತ್ತಿದ್ದೆ. ಅವರ ಅಪ್ಪ ಕೊಡಿಸಿದ ಬಿಲ್ಲು ಮನೆಯ ಗೋಡೆ ಮೇಲಿದೆ, ಇದೇ ರಾಜ್ಯದ ಗ್ರೇಲಿಂಗ್ ಊರಲ್ಲಿ ಮಾಡಿದ್ದು. ಫ್ರೆಡ್ ಬೇರ್ ಅನ್ನುವವರು 1933ರಲ್ಲಿ ಡೆಟ್ರಾಯಿಟಿನಲ್ಲಿ ಶುರುಮಾಡಿದ ಬಿಲ್ಲಿನ ಕಂಪನಿ ಆಮೇಲೆ ಅಲ್ಲಿಗೆ ಹೋಗಿತ್ತು. ಆ ಹೆಸರು ಹೇಳುವಾಗ ಬಿಲ್ಲಜ್ಜನ ದನಿ ನಮ್ಮ ಕಡೆಯವರು ರಾಜಕುಮಾರ್ ಅನ್ನುವಾಗಿನ ಹಾಗೆ ಆಗುತ್ತದೆ. ಆ ಬಿಲ್ಲಿನ ಎಳೆತ, ಅಂದರೆ ಹೆದೆ ಪೂರ್ತಿ ಎಳೆಯಲು ಬೇಕಾದ ಬಲ, 52 ಪೌಂಡು. ಭುಜದ ಆಪರೇಷನ್ ಆದ ಮೇಲೆ 45ಕ್ಕೆ ಇಳಿದರು, ಈ ವರ್ಷ 42. ನಲವತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುತ್ತಾರೆ. ಬಾಣ ಒಳಗೆ ಹೊಕ್ಕರೂ ದಾಟಿ ಹೋಗದಿದ್ದರೆ ಪ್ರಾಣಿ ನರಳುತ್ತಾ ಅಲೆಯುತ್ತದೆ, ಅದು ತನ್ನಿಂದಾಗದು ಅಂತ.

ಗಾಲಿ ಇರುವ ಕಾಂಪೌಂಡ್ ಬಿಲ್ಲು ಹಿಡಿಯಬಹುದಲ್ಲ ಅಂತ ಹಿಂದೊಮ್ಮೆ ಕೇಳಿದ್ದೆ. ಮಿಸೌರಿಯವರೊಬ್ಬರು 1969ರಲ್ಲಿ ಪೇಟೆಂಟ್ ತೆಗೆದುಕೊಂಡದ್ದು ಅದು. ಪೂರ್ತಿ ಎಳೆದ ಮೇಲೆ ಭಾರ ಮುಕ್ಕಾಲುಪಾಲು ಇಳಿದುಬಿಡುತ್ತದೆ, ಗುರಿ ಹಿಡಿದು ಆರಾಮಾಗಿ ನಿಲ್ಲಬಹುದು. ಅಜ್ಜನ ಬಿಲ್ಲಿನಲ್ಲಿ ಹೆದೆ ಕೆನ್ನೆಗೆ ಬಂದಾಗಲೇ ಪೂರ್ತಿ ಭಾರ ಬೆರಳ ಮೇಲೆ. ಕಾಯುವ ಹಾಗಿಲ್ಲ. ಮಗ ಹೋದ ಕ್ರಿಸ್‌ಮಸ್ಸಿಗೆ, ಕೋವಿಯ ಹಾಗೆ ಟ್ರಿಗರ್ ಒತ್ತಿ ಬಾಣ ಬಿಡುವ ಕ್ರಾಸ್‌ಬೋ ಕೊಡಿಸಿದ್ದಾನೆ, ಈ ಕಾಲದಲ್ಲಿ ಅದಕ್ಕೂ ಇಲ್ಲಿ ಅನುಮತಿ ಇದೆ. ಗ್ಯಾರೇಜಿನಲ್ಲಿ ಡಬ್ಬಿ ಇನ್ನೂ ಒಡೆದಿಲ್ಲ. ಅದರ ಮೇಲೆ ಪೇಂಟಿನ ಡಬ್ಬಿ ಇಟ್ಟಿದ್ದಾರೆ.

ಆರೂ ಇಪ್ಪತ್ತರ ಸುಮಾರಿಗೆ ಬಂತು. ಹೆಣ್ಣು. ಬಂದ ಸದ್ದೇ ಇಲ್ಲ. ಬರಿದಾಗಿದ್ದ ತಗ್ಗಿನಲ್ಲಿ ಕಣ್ಣು ಮಿಟುಕಿಸಿ ನೋಡಿದರೆ ಜಿಂಕೆ. ಬಿಳಿ ಓಕಿನ ಕೆಳಗೆ ಕಾಯಿ ತಿನ್ನತೊಡಗಿತು. ಕೆಂಪು ಓಕಿನದಕ್ಕಿಂತ ಇದು ಒಗರು ಕಡಿಮೆ, ಮೊದಲು ಇದನ್ನೇ ಹುಡುಕಿ ಬರುತ್ತವಂತೆ. ಅದು ಅಗಿಯುವ ಸದ್ದು ನನಗೆ ಕೇಳುತ್ತಿತ್ತು. ಹುರಿಗಡಲೆ ಅಗಿದ ಹಾಗೆ. ಕಿವಿಯ ಒಳಗಿನ ಬಿಳಿ ಕೂದಲು, ಒದ್ದೆ ಮೂಗು, ಪಕ್ಕೆಯ ಮೇಲೆ ಒಂದು ಎಲೆ ಚೂರು ಅಂಟಿಕೊಂಡಿತ್ತು. ನಂತರ ಅಳೆದೆವು. 14 ಹೆಜ್ಜೆ. ನಮ್ಮ ಮನೆಯ ಜಗುಲಿಯಿಂದ ಬಾವಿಗೆ ಇನ್ನೂ ದೂರ.

ಅಷ್ಟು ಹತ್ತಿರ ಯಾಕೆ ಬೇಕು ಅಂದರೆ, ಈ ಬಿಲ್ಲಿನ ಬಾಣ ಸದ್ದಿನಷ್ಟು ವೇಗವಾಗಿ ಹೋಗುವುದಿಲ್ಲ. ಹೆದೆ ಟಂಗ್ ಅಂದದ್ದು ಜಿಂಕೆಗೆ ಮೊದಲು ಮುಟ್ಟುತ್ತದೆ, ಬಾಣ ಆಮೇಲೆ. ಆ ಅಷ್ಟರಲ್ಲಿ ಅದು ಓಡಲಿಕ್ಕೆ ಅಂತ ಮೈ ತಗ್ಗಿಸಿರುತ್ತದೆ, ಬಾಣ ಬೆನ್ನ ಮೇಲೆ ಹೋಗುತ್ತದೆ. ಸದ್ದು ಕೊಲ್ಲಲು ಹೆದೆಗೆ ಉಣ್ಣೆಯ ಉಂಡೆ ಕಟ್ಟಿದ್ದಾರೆ, ಆದರೂ ಪೂರ್ತಿ ಸಾಯುವುದಿಲ್ಲ. ದಶರಥನ ಕಾಲದಲ್ಲಿ ಶಬ್ದವೇಧಿ ಮನುಷ್ಯನಿಗೆ ಬರುತ್ತಿತ್ತು. ಇಲ್ಲಿ ಜಿಂಕೆ ಕಲಿತುಕೊಂಡಿದೆ.

ಅದು ಎರಡು ಹೆಜ್ಜೆ ಮುಂದಿಟ್ಟು ತಲೆಯನ್ನು ಒಂದು ಮರದ ಮರೆಗೆ ತಂದಿತು. ಕಣ್ಣು ಮರೆಯಾದಾಗಲೇ ಎಳೆಯಬೇಕು. ಅಜ್ಜ ಎಳೆದರು. ನಾನು ಉಸಿರು ಬಿಗಿಹಿಡಿದು ಎಣಿಸತೊಡಗಿದೆ. ಬಿಡಿ, ಬಿಡಿ ಅಂತ ಒಳಗೆ ಒಂದು ದನಿ. ಓಡು, ಓಡೇ ಮಾರಾಯ್ತಿ ಅಂತ ಇನ್ನೊಂದು. ಎರಡೂ ನನ್ನದೇ.

ಒಂದು. ಎರಡು. ಬಿಲ್ಲಿನ ಮೇಲುತುದಿ ಅಲುಗಿತು. ಮೂರು. ಸಣ್ಣಗೆ ನಡುಗುತ್ತಿತ್ತು, ದೀಪದ ಕುಡಿಯ ಹಾಗೆ. ಪೊರೆ ಬಂದ ಕಣ್ಣಿಗೆ ಕಾಣದಷ್ಟು ಸಣ್ಣಗೆ. ನನ್ನ ಕಣ್ಣಿಗೆ ಕಂಡಿತು. ನಾಲ್ಕು.

ಜಿಂಕೆ ತಲೆ ಎತ್ತಿತು. ಮುಂಗಾಲಿನಿಂದ ನೆಲ ಒದ್ದಿತು, ಒಮ್ಮೆ, ಇನ್ನೊಮ್ಮೆ. ಬುಸ್ ಅಂತ ಮೂಗಿನಿಂದ ಊದಿತು. ಬಾಲ ಬೆಳ್ಳಗೆ ಎದ್ದು ನಿಂತದ್ದು ಕಂಡಿತು, ಮತ್ತೆ ತಗ್ಗು ಬರಿದು. ಅಜ್ಜ ನಿಧಾನವಾಗಿ ಹೆದೆ ಇಳಿಸಿ, ಬಾಣವನ್ನು ಬತ್ತಳಿಕೆಗೆ ಸೇರಿಸಿದರು. ಇನ್ನೊಂದೆಳೆ ಹತ್ತಿ ಹಾರಿಬಿಟ್ಟರು. ಬಿಸಿಲು ಹೋಗುತ್ತಲೇ ತಂಪು ಗಾಳಿ ನೀರಿನ ಹಾಗೆ ತಗ್ಗಿಗೆ ಇಳಿಯುತ್ತದೆ. ಎಳೆ ನಮ್ಮನ್ನು ಸವರಿ, ಜಿಂಕೆ ನಿಂತಿದ್ದ ಜಾಗಕ್ಕೇ ಹೋಯಿತು.

ನಾನು ತಯಾರಾಗಿ ಹೋದದ್ದೇ ಬೇರೆಗೆ. ಬಾಣ ಬಿಟ್ಟ ಮೇಲೆ ಅರ್ಧ ಗಂಟೆ ಕೂತಲ್ಲಿಂದ ಏಳಬಾರದು, ನೆತ್ತರು ತಿಳಿ ಗುಲಾಬಿ, ನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ, ಕಪ್ಪಾಗಿದ್ದರೆ ಇನ್ನೂ ಗಂಟೆಗಟ್ಟಲೆ ಕಾಯಬೇಕು. ಎಲ್ಲ ಹೇಳಿಕೊಟ್ಟಿದ್ದರು. ಕರುಳು ತೆಗೆಯುವಾಗ ಟಾರ್ಚ್ ನಾನೇ ಹಿಡಿಯಬೇಕಿತ್ತು. ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಬರಿಗೈಯಲ್ಲಿ ಬರುವುದಕ್ಕೆ ಏನೂ ಕಟ್ಟಿಕೊಂಡು ಹೋಗಿರಲಿಲ್ಲ.

ಪಿಕಪ್ಪಿನಲ್ಲಿ ಫ್ಲಾಸ್ಕಿನ ಕಾಫಿ. ಬಹಳ ಹೊತ್ತು ಮಾತಿಲ್ಲ.

“ಗಾಳಿ ತಿರುಗಿತು” ಅಂದರು.

“ಗಾಳಿ ಅಲ್ಲ, ನನ್ನ ಮಫ್ಲರ್” ಅಂದೆ. “ಇದನ್ನು ಒಗೆದಿರಲಿಲ್ಲ.”

ಕೈ ಚಾಚಿದರು. ಬಿಚ್ಚಿ ಕೊಟ್ಟೆ. ಮೂಗಿಗೆ ಹಿಡಿದು ಒಂದು ಉಸಿರು ಎಳೆದರು. ಏನಿದು ಅಂತ ಕೇಳಿದರು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಬ್ಯಾಡಗಿ ಮೆಣಸು, ಇಂಗು ಅಂತ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಇನ್ನೊಮ್ಮೆ ಮೂಸಿದರು.

“ನಾನು ಜಿಂಕೆಯಾಗಿದ್ದರೆ ಇನ್ನೂ ಹತ್ತಿರ ಬರುತ್ತಿದ್ದೆ.”

ಇಬ್ಬರೂ ನಕ್ಕೆವು. ನಾನು ಬೇಕಂತಲೇ ಸ್ವಲ್ಪ ಹೆಚ್ಚು ನಕ್ಕೆ. ಮಫ್ಲರಿನದೇ ತಪ್ಪು, ನನ್ನದೇ ತಪ್ಪು, ಇಂಗಿನ ವಾಸನೆ ಮೂರು ಮೈಲಿ ಹೋಗುತ್ತದೆ ಅಂತ ಏನೇನೋ ಬಡಬಡಿಸಿದೆ. ಅವರು ರಸ್ತೆ ನೋಡುತ್ತಾ ಕೇಳಿದರು:

“ಎಷ್ಟು ಹೊತ್ತು ಎಳೆದು ಹಿಡಿದಿದ್ದೆ? ನೀನು ಎಣಿಸಿದೆಯಾ?”

“ಇಲ್ಲ. ಜಿಂಕೆಯನ್ನೇ ನೋಡ್ತಾ ಇದ್ದೆ.”

ಆಮೇಲೆ ಮನೆವರೆಗೂ ರೇಡಿಯೋ.

ಒಂಬತ್ತಕ್ಕೆ ಅಮ್ಮನ ಫೋನು. ಅಲ್ಲಿ ಬೆಳಗಿನ ಆರೂವರೆ, ತೀರ್ಥಹಳ್ಳಿಯಲ್ಲಿ ಮಳೆಯಂತೆ, ಅಡಿಕೆಗೆ ಕೊಳೆ ಅಂತೆ. ಎಲ್ಲಿ ಹೋಗಿದ್ದೆ ಅಂದಳು, ಹೇಳಿದೆ.

“ಎಂತದು? ಜಿಂಕೆ ಹೊಡೆಯಕ್ಕಾ? ಆ ಮುದುಕರ ಹತ್ರ ಕೋವಿ ಇಲ್ವನೇ?”

ಕೋವಿ ಇದೆ, ಆದರೂ ಬಿಲ್ಲು ಅಂದೆ. ಅಮ್ಮನಿಗೆ ಅದು ತಲೆಗೆ ಹತ್ತಲಿಲ್ಲ. ಆಮೇಲೆ ನೆಲದ ಮೇಲೆ ಕೂತು ಕಾಯೋದು ಅಂದಾಗ, “ಓ, ಮರಸು!” ಅಂದಳು. ಎಷ್ಟು ವರ್ಷವಾಯಿತು ಆ ಶಬ್ದ ಕೇಳಿ. ಅಮ್ಮನ ಅಪ್ಪ, ನನ್ನ ಅಜ್ಜ, ಗದ್ದೆ ಅಂಚಿನಲ್ಲಿ ಮರಸು ಕೂರುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಮಾತು, ಅಮ್ಮ ಆಗ ಲಂಗದ ಹುಡುಗಿ. ಈಗ ಊರಲ್ಲಿ ಹಾಗೆ ಕೂತರೆ ನೇರ ಜೈಲು.

“ಅಪ್ಪಯ್ಯ ಕಡೆಕಡೆಗೆ ಬರಿಗೈಲೇ ಬರೋರು ಕಣೇ. ಎಂತ ಆಯ್ತು ಅಂದ್ರೆ ಗಾಳಿ ಸರಿ ಇರ್ಲಿಲ್ಲ ಅನ್ನೋರು. ದಿನಾ ಗಾಳಿ. ಅದೆಂತ ಗಾಳಿಯೋ. ಅವ್ವ ಒಂದು ಮಾತು ಎದುರಾಡ್ತಿರಲಿಲ್ಲ, ಹೌದು ಹೌದು ಗಾಳಿ ಜೋರು ಅಂತ ಬಿಸಿನೀರು ಕಾಯಿಸಿ ಕೊಡೋರು.”

ಅಮ್ಮನಿಗೆ ನಡುಗಿದ ಬಿಲ್ಲಿನ ವಿಷಯ ಹೇಳಿರಲಿಲ್ಲ. ಮಫ್ಲರಿನ ವಿಷಯವನ್ನೂ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳುತ್ತಾಳೆ, ಇನ್ನು ಪುಡಿ ಕಳಿಸುವಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾಳೆ.

ಈಗಷ್ಟೇ ಬಿಲ್ಲಜ್ಜನ ಮೆಸೇಜು. ಈ ಹೊತ್ತಿನಲ್ಲಿ ಎಚ್ಚರ ಇರುವವರಲ್ಲ. ಮುಂದಿನ ಶನಿವಾರ ಬರುತ್ತೀಯಾ, ಮಫ್ಲರ್ ಹಾಕಿಕೊಂಡೇ ಬಾ ಅಂತ. ತಮಾಷೆಯೋ, ಅಥವಾ ನಾನು ಎಣಿಸಿದ್ದು ಅವರಿಗೆ ಗೊತ್ತಾಗಿಯೋ. ಎದ್ದು ಹೋಗಿ ನೋಡಿದೆ, ಬಕೆಟ್ಟಿನ ನೀರು ತಿಳಿ ಅರಿಸಿನ ಬಣ್ಣಕ್ಕೆ ತಿರುಗಿದೆ. ಈಗಲೇ ಹಿಂಡಿ ತೆಗೆದರೆ ವಾಸನೆ ಸ್ವಲ್ಪ ಉಳಿದೀತೇನೋ,