ನಕ್ಷೆ ಈಗ ಯಾರ ಹತ್ತಿರ ಇದೆ?

ಮಕ್ಕಳ ಸಭೆಗಳನ್ನು ನಡೆಸಿಕೊಡುವ ಕೆಲಸದಲ್ಲಿ ನನ್ನನ್ನು ಬಹುವಾಗಿ ಕಾಡಿದ ಪ್ರಶ್ನೆಯನ್ನು ಕೇಳಿದವಳು ಹನ್ನೊಂದು ವರ್ಷದ ಒಬ್ಬ ಹುಡುಗಿ. ಶಾಲೆಯ ದಾರಿಯಲ್ಲಿ ತಾನು ರಸ್ತೆ ದಾಟುವ ಜಾಗದ ನಕ್ಷೆಯನ್ನು ಬರೆದು ತಂದಿದ್ದ ಅವಳು, ತಿರುವಿನಲ್ಲಿ ಸಾಲಾಗಿ ನಿಲ್ಲಿಸಿದ ಕಾರುಗಳಿಗೆ ಕೆಂಪು ಬಣ್ಣ ತುಂಬಿ, ದೊಡ್ಡವರಿಗೆ ಅವುಗಳ ಮೇಲಿಂದ ರಸ್ತೆ ಕಾಣುತ್ತದೆ, ನಮ್ಮ ಎತ್ತರಕ್ಕೆ ಬರೀ ಬಾಗಿಲು ಕಾಣುತ್ತದೆ ಎಂದು ವಿವರಿಸಿದ್ದಳು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು, ಅವಳೊಂದಿಗೆ ಫೋಟೊ ತೆಗೆಸಿಕೊಂಡರು. ಕೆಲವು ತಿಂಗಳ ಬಳಿಕ ಸಿಕ್ಕಾಗ ಅವಳು ಕೇಳಿದಳು: "ನನ್ನ ನಕ್ಷೆ ಈಗ ಯಾರ ಹತ್ತಿರ ಇದೆ?" ನನಗೆ ಗೊತ್ತಿರಲಿಲ್ಲ. ವಿಚಾರಿಸಬೇಕೆಂದು ನನಗೆ ಹೊಳೆದೂ ಇರಲಿಲ್ಲ.

ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನಷ್ಟೇ ಅಲ್ಲ, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಮನ್ನಣೆ ಸಿಗಬೇಕೆಂಬುದನ್ನೂ ಹೇಳುತ್ತದೆ. ಈ ಎರಡನೆಯ ಅರ್ಧವನ್ನು ನಾವು ಸುಲಭವಾಗಿ ಮರೆಯುತ್ತೇವೆ. 1992ರಲ್ಲಿ ಮಕ್ಕಳ ವಿಷಯದ ಸಂಶೋಧಕ ರೋಜರ್ ಹಾರ್ಟ್ ಅವರು ಮಕ್ಕಳ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದಾಗ, ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು ಮತ್ತು ತೋರಿಕೆಗೆ ಮಾತನಾಡಿಸುವುದು ಎಂಬ ಕೆಳಗಿನ ಮೂರನ್ನು ಪಾಲ್ಗೊಳ್ಳುವಿಕೆ ಎಂದು ಪರಿಗಣಿಸಲೇ ಇಲ್ಲ. ನಮ್ಮ ಆ ಸಭೆ ನಿಂತಿದ್ದದ್ದು ಅಲ್ಲೇ ಎಂದು ಈಗ ನನಗೆ ಅನ್ನಿಸುತ್ತದೆ.

ಕೆಲವು ದೇಶಗಳಲ್ಲಿ ಹದಿಹರೆಯದ ಕೊನೆಯಲ್ಲಿರುವವರ ಸ್ಥಿತಿ ಸ್ವಲ್ಪ ಬೇರೆ. ಆಸ್ಟ್ರಿಯಾ 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿತು. ಬ್ರೆಜಿಲ್‌ನಲ್ಲಿ 1988ರಿಂದಲೇ 16 ತುಂಬಿದವರು ಬಯಸಿದರೆ ಮತ ಹಾಕಬಹುದು. ಅದಕ್ಕಿಂತ ಚಿಕ್ಕವರಿಗೆ ಮತವಿಲ್ಲ, ಆದ್ದರಿಂದ ಅವರ ಮಾತಿನ ತೂಕ ಕೇಳುವವರ ಮನಸ್ಸನ್ನೇ ಅವಲಂಬಿಸಿದೆ.

ಅದರ ಜೊತೆಗೆ ಕಾಲದ ತೊಡಕೂ ಇದೆ. ಕಚೇರಿಗೆ ಎರಡು ವರ್ಷವೆಂದರೆ ಒಂದು ಕಡತ ಸಾಗುವಷ್ಟು ಅವಧಿ; ಹನ್ನೊಂದರ ಮಗುವಿಗಾದರೋ ಅದು ಶಾಲೆಯೇ ಬದಲಾಗಿಬಿಡುವಷ್ಟು ದೀರ್ಘವಾದದ್ದು. ಮಕ್ಕಳು ತಾವು ಕೇಳಿದ್ದೆಲ್ಲ ಆಗಲೇಬೇಕೆಂದು ಹಟ ಹಿಡಿಯುವುದನ್ನು ನಾನು ಕಂಡಿರುವುದು ಅಪರೂಪ. ಆದರೆ ಉತ್ತರವೇ ಬಾರದಿದ್ದಾಗ ಅವರು ಮುಂದಿನ ಸಭೆಗೆ ಬಂದು ಸುಮ್ಮನೆ ಕೂರುತ್ತಾರೆ. ಆ ಮೌನವನ್ನು ದೊಡ್ಡವರು ನಿರಾಸಕ್ತಿ ಎಂದು ಕರೆದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಈಗ ನಾನು ಸಭೆ ಮುಗಿಯುವ ಮೊದಲೇ, ಯಾರು, ಯಾವ ದಿನ ಮಕ್ಕಳಿಗೆ ಉತ್ತರ ಕೊಡಬೇಕೆಂಬುದನ್ನು ಎಲ್ಲರೆದುರು ಬರೆಸಿಕೊಳ್ಳುತ್ತೇನೆ. ಇತ್ತೀಚೆಗೆ ಒಬ್ಬ ಅಧಿಕಾರಿ ಹೇಳಿದ ದಿನವೇ ಬಂದು, ಮಕ್ಕಳು ಕೇಳಿದ ಜಾಗದಲ್ಲಿ ದೀಪದ ಕಂಬ ಹಾಕಲು ಏಕೆ ಆಗುವುದಿಲ್ಲ ಎಂದು ನೆಲದಡಿಯ ಕೊಳವೆಗಳ ಚಿತ್ರ ತೋರಿಸಿ ವಿವರಿಸಿದರು. ಮಕ್ಕಳು ಆ ಚಿತ್ರದ ಸುತ್ತ ಮುಗಿಬಿದ್ದರು. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಕಂಬವನ್ನು ನಾಲ್ಕು ಹೆಜ್ಜೆ ಆಚೆಗೆ ಸರಿಸಿದರೆ ಆಗುವುದಿಲ್ಲವೇ ಎಂದು ಬೆರಳಿಟ್ಟು ತೋರಿಸಿದಾಗ, ಅಧಿಕಾರಿ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತರು.