'ಉಂಬಾಬರಾಉಮಾ' ಆಯಿತು, ಮುಂದೇನು ಕೇಳಲಿ?

ಬ್ರೆಜಿಲ್ ಸಂಗೀತದ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ: "'ಬೆಲೆಜಾ ಟ್ರಾಪಿಕಲ್' ಸಂಕಲನದ ಮೊದಲ ಹಾಡು 'ಉಂಬಾಬರಾಉಮಾ' ತಲೆಗೆ ಹತ್ತಿಬಿಟ್ಟಿದೆ. ಆದರೆ ಅದನ್ನು ಹಾಡಿದ ಜೋರ್ಜಿ ಬೆನ್ ಅವರ ಬೇರೆ ಹಾಡು ಹಾಕಿದರೆ ಒಂದೂ ಹಾಗಿಲ್ಲ. ಎಲ್ಲಿಂದ ಶುರು ಮಾಡಲಿ?"

ಹಾಗಿಲ್ಲದಿರುವುದಕ್ಕೆ ಕಾರಣ ಇದೆ. ಟಾಕಿಂಗ್ ಹೆಡ್ಸ್ ಎಂಬ ರಾಕ್ ತಂಡದ ಡೇವಿಡ್ ಬರ್ನ್ 1989ರಲ್ಲಿ ತಮ್ಮ ಲುವಾಕಾ ಬಾಪ್ ಲೇಬಲ್‌ನಿಂದ ತಂದ ಸಂಕಲನ ಅದು. ರಾಕ್ ಕೇಳಿ ಬೆಳೆದವರ ಕಿವಿಗೆ ತಟ್ಟನೆ ಹಿಡಿಸಲೆಂದೇ ಆ ಹಾಡನ್ನು ಮೊದಲಿಗೆ ಇಟ್ಟಿರಬೇಕು. ಆಫ್ರಿಕಾದ ಫುಟ್‌ಬಾಲ್ ಫಾರ್ವರ್ಡ್ ಒಬ್ಬನನ್ನು ಹುರಿದುಂಬಿಸುವ ಈ ಹಾಡು 1976ರದ್ದು. ಬೆನ್ ಮರದ ಗಿಟಾರ್ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದ ಘಟ್ಟ. ಅಲ್ಲಿಂದ ನೇರವಾಗಿ 1963ರ ಮೊದಲ ಆಲ್ಬಮ್ 'ಸಾಂಬಾ ಎಸ್ಕೆಮಾ ನೋವೊ'ಗೆ ಹಾರಿದರೆ ಸಿಗುವುದು ಮೆಲುದನಿ, ಜಾಜ್ ವಾದ್ಯಗಳು, ಸಾಂಬಾ ಎಂಬ ಬ್ರೆಜಿಲ್ ಕುಣಿತದ ಸಂಗೀತದ ನಯವಾದ ರೂಪ. ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಇಸವಿಯ ಕ್ರಮದಲ್ಲಿ ಕೇಳಲೇಬೇಡಿ, ಹಿಂದಕ್ಕೆ ನಡೆಯಿರಿ.

ಮೊದಲು ಆ ಹಾಡಿನ ಮೂಲ ಆಲ್ಬಮ್ 'ಆಫ್ರಿಕಾ ಬ್ರೆಜಿಲ್' ಪೂರ್ತಿ ಕೇಳಿ. ಸಂಕಲನದಲ್ಲಿ ಒಂಟಿಯಾಗಿದ್ದ ಹಾಡಿಗೆ ಇಲ್ಲಿ ಅಕ್ಕಪಕ್ಕದವರು ಸಿಗುತ್ತಾರೆ. ಎರಡನೆಯ ಹಾಡು ರಸವಿದ್ಯೆಯ ಮೂಲಪುರುಷನೆನಿಸಿದ ಹರ್ಮಿಸ್ ಟ್ರಿಸ್ಮೆಜಿಸ್ಟಸ್‌ನ ಮೇಲೆ, ಇನ್ನೊಂದು ಫ್ಲಮೆಂಗೊ ಕ್ಲಬ್ಬಿನ ಫುಟ್‌ಬಾಲ್ ಆಟಗಾರ ಜೀಕೊ ಮೇಲೆ. ಫುಟ್‌ಬಾಲ್, ರಸವಿದ್ಯೆ, ಸಂತರು, ಕಪ್ಪು ಜನರ ಇತಿಹಾಸ: ಬೆನ್ ಸುತ್ತುವುದೆಲ್ಲ ಇವುಗಳ ನಡುವೆಯೇ.

ಆಮೇಲೆ 1974ರ 'ಅ ತಾಬುವಾ ಜಿ ಎಸ್ಮೆರಾಲ್ಡಾ'. ಅವರ ಒಂದೇ ಒಂದು ಆಲ್ಬಮ್ ಇಟ್ಟುಕೊಳ್ಳಿ ಎಂದರೆ ಇದನ್ನೇ ಇಟ್ಟುಕೊಳ್ಳಬೇಕು. ಇಲ್ಲಿ ಮರದ ಗಿಟಾರೇ ಯಜಮಾನ. ನೇರವಾಗಿ ಬಂದರೆ ಇದೂ ಸಪ್ಪೆ ಅನ್ನಿಸಬಹುದು, ಅದಕ್ಕೊಂದು ಉಪಾಯವಿದೆ. 17ನೇ ಶತಮಾನದಲ್ಲಿ ಗುಲಾಮಗಿರಿಯಿಂದ ಪಾರಾದವರು ಬ್ರೆಜಿಲಿನಲ್ಲಿ ಕಟ್ಟಿಕೊಂಡ ನೆಲೆಯಾದ ಪಾಲ್ಮಾರಿಸ್‌ನ ನಾಯಕ ಜುಂಬಿಯ ಹಾಡು ಎರಡೂ ಆಲ್ಬಮ್‌ಗಳಲ್ಲಿದೆ. 'ಆಫ್ರಿಕಾ ಬ್ರೆಜಿಲ್'ನ ಕೊನೆಯ ಹಾಡು ಹಾಕಿ, ಅದರ ಬೆನ್ನಿಗೇ 1974ರ 'ಜುಂಬಿ' ಹಾಕಿ. ಒಂದರಲ್ಲಿ ಗಂಟಲು ಹರಿಯುವ ಕೂಗು, ಇನ್ನೊಂದರಲ್ಲಿ ಹತ್ತಿರ ಕೂತು ಹೇಳಿದ ಹಾಗೆ. ವಾದ್ಯ ಬದಲಾದರೂ ಬಲಗೈಯ ಮೀಟು ಬದಲಾಗಿಲ್ಲ ಎಂಬುದು ಆಗ ಕಿವಿಗೆ ಬೀಳುತ್ತದೆ.

ಆ ಮೀಟೇ ಮುಖ್ಯ. ಸಾಂಬಾ ಎರಡೆಣಿಕೆಯ ತಾಳ. ಸುರ್ದು ಎಂಬ ದೊಡ್ಡ ಡೋಲು ಎರಡನೆಯ ಎಣಿಕೆಗೆ ಭಾರ ಹಾಕುತ್ತದೆ, ಸಣ್ಣ ವಾದ್ಯಗಳು ಎಣಿಕೆಗಳ ನಡುವಿನ ಜಾಗ ತುಂಬುತ್ತವೆ. ಬೆನ್ ಆ ನಡುವಿನ ಕೆಲಸವನ್ನು ಗಿಟಾರಿಗೆ ವಹಿಸಿ ತಂತಿಯನ್ನೇ ತಾಳವಾದ್ಯ ಮಾಡಿಬಿಟ್ಟರು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಸುರ್ದು ಕೇಳಿಸುವುದೇ ಇಲ್ಲ, ಗಿಟಾರು ಬರೀ ಗಲಗಲ ಅನ್ನುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ.

ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ತೋರಿಸುವ ಹಾಡು ನಮಗೆ ಹತ್ತಿರದ ಹೆಸರಿನದು: 'ತಾಜ್ ಮಹಲ್'. ಷಹಜಹಾನ್ ಮತ್ತು ಮುಮ್ತಾಜರ ಪ್ರೇಮವೇ ವಸ್ತು. 1972ರ 'ಬೆನ್' ಆಲ್ಬಮ್‌ನಲ್ಲಿ ಒಮ್ಮೆ, 1975ರಲ್ಲಿ ಬ್ರೆಜಿಲಿನ ಇನ್ನೊಬ್ಬ ಗಾಯಕ ಜಿಲ್ಬೆರ್ಟೊ ಜಿಲ್ ಜೊತೆ ಮಾಡಿದ 'ಜಿಲ್ ಇ ಜೋರ್ಜಿ'ಯಲ್ಲಿ ಒಮ್ಮೆ, 'ಆಫ್ರಿಕಾ ಬ್ರೆಜಿಲ್'ನಲ್ಲಿ ಮತ್ತೊಮ್ಮೆ ಬಂದಿದೆ. ಬ್ರಿಟಿಷ್ ರಾಕ್ ಗಾಯಕ ರಾಡ್ ಸ್ಟೀವರ್ಟ್ 1978ರಲ್ಲಿ ಇದರ ಪಲ್ಲವಿಯ ಧಾಟಿಯನ್ನೇ ತಮ್ಮ ಡಿಸ್ಕೊ ಹಾಡಿಗೆ ಬಳಸಿ ತಕರಾರಾಯಿತು. ಆ ಹಾಡಿನ ರಾಯಲ್ಟಿಯನ್ನು ಸ್ಟೀವರ್ಟ್ ಯುನಿಸೆಫ್‌ಗೆ ಬಿಟ್ಟುಕೊಟ್ಟರು. 1975ರ 'ತಾಜ್ ಮಹಲ್' ಹದಿನಾಲ್ಕು ನಿಮಿಷ ದಾಟುತ್ತದೆ. ಇಬ್ಬರೂ ಗಿಟಾರ್ ಹಿಡಿದು ಒಬ್ಬರನ್ನೊಬ್ಬರು ಕೆಣಕುತ್ತ ಹೋಗುವುದಷ್ಟೇ. ತಾಳ್ಮೆ ಇಲ್ಲದವರು ಇದನ್ನು ಕೊನೆಗೆ ಇಟ್ಟುಕೊಳ್ಳಲಿ. ಅದೇ ಆಲ್ಬಮ್‌ನ 'ಫಿಲ್ಯುಸ್ ಜಿ ಗಾಂಧಿ' ಮಾತ್ರ ತಪ್ಪಿಸಬೇಡಿ. ಬ್ರೆಜಿಲಿನ ಸಾಲ್ವಡೋರ್ ಬಂದರಿನ ಕಾರ್ಮಿಕರು 1949ರಲ್ಲಿ ಗಾಂಧಿಯ ಹೆಸರಿನಲ್ಲೇ ಕಟ್ಟಿದ ಕಾರ್ನಿವಲ್ ತಂಡದ ಹಾಡು ಅದು.

ಇಷ್ಟಾದ ಮೇಲೆ 1969ರ 'ಜೋರ್ಜಿ ಬೆನ್', 1970ರ 'ಫೋರ್ಸಾ ಬ್ರೂಟಾ'. ಎರಡರಲ್ಲೂ ಟ್ರಿಯೊ ಮೊಕೊಟೊ ಎಂಬ ಮೂವರ ತಂಡ ತಾಳಕ್ಕಿದೆ. ಮನುಷ್ಯ ನರಳಿದ ಹಾಗೆ ಕೇಳುವ ಸದ್ದು ಕುಯಿಕಾ ಎಂಬ ವಾದ್ಯದ್ದು: ಡೋಲಿನ ಚರ್ಮದ ನಡುವೆ ಕಟ್ಟಿದ ಕಡ್ಡಿಯನ್ನು ಒಳಗಿನಿಂದ ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಾರೆ.

ಹುಡುಕುವಾಗ ಎರಡು ತೊಡಕು. 1989ರ ಸುಮಾರಿಗೆ ಅವರು ಹೆಸರನ್ನು ಜೋರ್ಜಿ ಬೆನ್ ಜೋರ್ ಎಂದು ಬದಲಿಸಿಕೊಂಡರು, ಹಾಗಾಗಿ ಆ್ಯಪ್‌ಗಳಲ್ಲಿ ಎರಡೂ ಹೆಸರಲ್ಲಿ ನೋಡಿ. 'ಅತ್ಯುತ್ತಮ ಹಾಡುಗಳು' ಎಂಬ ಸಂಗ್ರಹಗಳಲ್ಲಿ ಎಷ್ಟೋ ಸಲ ನಂತರದ ಲೈವ್ ಮುದ್ರಣವೋ ಮರುಮುದ್ರಣವೋ ಸೇರಿಕೊಂಡಿರುತ್ತದೆ. ಇಸವಿ ನೋಡದೆ ಒತ್ತಬೇಡಿ.

ಇನ್ನು 1963ರ ಆಲ್ಬಮ್ ಹಾಕಬಹುದು. ಬ್ರೆಜಿಲಿನ ಪಿಯಾನೊ ವಾದಕ ಸೆರ್ಜಿಯೊ ಮೆಂಡಿಸ್ 1966ರಲ್ಲಿ ಲೋಕಕ್ಕೆಲ್ಲ ಕೇಳಿಸಿದ 'ಮಾಸ್ ಕಿ ನಾದಾ' ಅದರ ಮೊದಲ ಹಾಡು. ಹಿತ್ತಾಳೆ ವಾದ್ಯಗಳನ್ನು ಪಕ್ಕಕ್ಕಿಟ್ಟು ಗಿಟಾರಿನ ಕಡೆ ಕಿವಿಗೊಡಿ: 'ಉಂಬಾಬರಾಉಮಾ'ದ ಗಿಟಾರು ಅಲ್ಲೇ, ಅಡಿಯಲ್ಲೇ ಇದೆ.